ಗೇರ್ ಬಿಚ್ಚುವ ಹಿಂದಿ ಸರ್

ಕಾಗವಾಡದಲ್ಲಿ ಬಸ್ಸಿಳಿದ ಕೂಡಲೇ ಅವರ ಮುಖವೇ ಕಂಡಿತು. ಸರ್ಕಲ್ಲಿನ ಕಂಬಕ್ಕೆ ಕಟ್ಟಿದ್ದ ಆಳೆತ್ತರದ ಫ್ಲೆಕ್ಸಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಶ್ರದ್ಧಾಂಜಲಿ. ನಡುವೆ ಸಫಾರಿ ಹಾಕಿಕೊಂಡ ನಮ್ಮ ಹಿಂದಿ ಸರ್. ಹತ್ತು ಹನ್ನೆರಡು ವರ್ಷ ಒಂದೇ ಶಾಲೆಯಲ್ಲಿ ಅವರ ಜೊತೆ ಕೆಲಸ ಮಾಡಿದ ನಾನು ಅವರನ್ನು ಸಫಾರಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹತ್ತಿರ ಹೋಗಿ ನೋಡಿದರೆ, ಫ್ಲೆಕ್ಸ್ ಮಾಡುವವನು ಬೇರೆ ಯಾರದೋ ಸಫಾರಿಯ ಮೇಲೆ ಇವರ ತಲೆ ಕೂಡಿಸಿದ್ದ. ಕುತ್ತಿಗೆ ತುಸು ಒಂದು ಕಡೆ ಸರಿದಿತ್ತು. ಸರ್ ನೋಡಿದ್ದರೆ ಬಹಳ ಮೆಚ್ಚಿಕೊಳ್ಳುತ್ತಿದ್ದರು. ಒಂದರ ಮೈಗೆ ಇನ್ನೊಂದರ ಭಾಗ ಕೂಡಿಸುವುದು, ಕೂಡಿಸಿದ್ದು ಸ್ವಲ್ಪ ಸೊಟ್ಟಗಾದರೂ "ಏನಾಗಂಗಿಲ್ಲ, ನಡೀತೈತಿ" ಎನ್ನುವುದು ಅವರ ಜೀವಮಾನದ ಕೆಲಸವೇ ಆಗಿತ್ತು.

ಹೆಸರಿನ ಕೆಳಗೆ "ಆದರ್ಶ ಶಿಕ್ಷಕರು, ಅಜಾತಶತ್ರು" ಎಂದು ಬರೆದಿದ್ದರು. ಅಜಾತಶತ್ರು ಎಂಬುದನ್ನು ಓದಿ ಕಂಬದ ಬುಡದಲ್ಲೇ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಈ ಸೀಮೆಯಲ್ಲಿ ಅವರ ಕೈಗೆ ಸೈಕಲ್ ಕೊಟ್ಟವರೆಲ್ಲ ಒಂದಲ್ಲ ಒಂದು ದಿನ ಅವರಿಗೆ ಶತ್ರುವಾದವರೇ. ಅವರಲ್ಲಿ ನಾನೂ ಒಬ್ಬ. ಎಲ್ಲರಿಗಿಂತ ದೊಡ್ಡ ಶತ್ರು ಅವರ ಸ್ವಂತ ಅಣ್ಣ.

ಅವರ ಹೆಸರು ಹಿಡಿದು ಕರೆಯುವವರು ಊರಲ್ಲಿ ಯಾರೂ ಇರಲಿಲ್ಲ. ಅವರ ಮನೆಯವರು ಕೂಡ ಫೋನಿನಲ್ಲಿ "ಹಿಂದಿ ಸರ್ ಇಲ್ರಿ, ಸೈಕಲ್ ತರಾಕ ಮಿರಜಿಗೆ ಹೋಗ್ಯಾರ" ಎನ್ನುತ್ತಿದ್ದರು. ಆ ಧ್ವನಿಯಲ್ಲಿ ಗಂಡ ಊರಲ್ಲಿಲ್ಲ ಎಂಬುದಕ್ಕಿಂತ ಇನ್ನೊಂದು ಸೈಕಲ್ ಬರುತ್ತದೆ ಎಂಬ ಸಂಕಟವೇ ಹೆಚ್ಚು ಇರುತ್ತಿತ್ತು.

ಸೈಕಲ್ ಎಂದರೆ ಸಾದಾ ಸೈಕಲ್ ಅಲ್ಲ, ಹಳೆಯ ರೇಸಿಂಗ್ ಸೈಕಲ್. ತೆಳ್ಳನೆಯ ಟೈರು, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಹಿಂದಿನ ಗಾಲಿಯಲ್ಲಿ ಸಣ್ಣದು ದೊಡ್ಡದು ಅಂತ ಸಾಲಾಗಿ ಹಲ್ಲಿನ ಚಕ್ರಗಳು. ಇಚಲಕರಂಜಿಯ ಗಿರಣಿ ಮಾಲೀಕರ ಮಕ್ಕಳು ಹರೆಯದಲ್ಲಿ ಓಡಿಸಿ, ಮೋಟಾರ್ ಸೈಕಲ್ ಬಂದ ಮೇಲೆ ಅಟ್ಟಕ್ಕೆ ಹಾಕಿದ್ದವು ಕೊನೆಗೆ ಮಿರಜ, ಸಾಂಗ್ಲಿಯ ಗುಜರಿಗೆ ಬಂದು ಬೀಳುತ್ತಿದ್ದವು. ಸರ್ ಅಂಥದ್ದೊಂದನ್ನು ಹುಡುಕಿ ತಂದು, ತೊಳೆದು, ಉಜ್ಜಿ, ಮೊಟ್ಟಮೊದಲು ಅದರ ಗೇರ್ ಕಿತ್ತು ಒಗೆಯುತ್ತಿದ್ದರು. ಹಿಂದೆ ಒಂದು ಹಲ್ಲಿನ ಚಕ್ರ, ಮುಂದೆ ಒಂದು, ನಡುವೆ ಕತ್ತರಿಸಿ ಗಿಡ್ಡ ಮಾಡಿದ ಚೈನು. ಅಷ್ಟೇ.

"ಗೇರ್ ಯಾಕ್ರಿ ಬೇಕು?" ಎಂದು ಅವರು ಸ್ಟಾಫ್ ರೂಮಿನಲ್ಲಿ ಕೈ ಎತ್ತಿ ಕೇಳುತ್ತಿದ್ದರು. "ಅಥಣಿಯಿಂದ ಚಿಕ್ಕೋಡಿತನಾ ನೋಡ್ರಿ, ಏರ ಅಂತ ಎಲ್ಲೈತಿ? ಎಲ್ಲಾ ಸಪಾಟ ಕಬ್ಬಿನ ಹೊಲ. ಗೇರ್ ಅನ್ನೂದು ಘಟ್ಟದ ಮಂದಿದು. ನಮಗ್ಯಾಕ?"

ಚಿಕ್ಕೋಡಿಯ ಏರು ಹತ್ತಿ ಬರುವ ಸಮಾಜವಿಜ್ಞಾನದ ಸರ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿ ಸರ್ ತರಗತಿಗೆ ಹೊರಟಿರುತ್ತಿದ್ದರು. ವಾದದಲ್ಲಿ ಎದುರಿನವರ ಸರದಿ ಬಂದಾಗ ಅವರಿಗೆ ಯಾವಾಗಲೂ ಪಿರಿಯಡ್ ಇರುತ್ತಿತ್ತು.

ಗೇರ್ ತೆಗೆದಿದ್ದಕ್ಕೇ ನಿಂತಿದ್ದರೆ ಇಷ್ಟು ವೈರಿಗಳು ಹುಟ್ಟುತ್ತಿರಲಿಲ್ಲ. ಸಾದಾ ಸೈಕಲ್ಲಿನಲ್ಲಿ ನಾವು ತುಳಿಯುವುದು ನಿಲ್ಲಿಸಿದರೂ ಗಾಲಿ ತನ್ನ ಪಾಡಿಗೆ ತಿರುಗುತ್ತದಲ್ಲ, ಕಟಕಟ ಸದ್ದು ಮಾಡುತ್ತ, ಅದು ಫ್ರೀವೀಲಿನ ಕೃಪೆ. ಸರ್ ಅದಕ್ಕೂ ವೆಲ್ಡಿಂಗ್ ಹೊಡೆಸಿ ಬಂದ್ ಮಾಡಿಸುತ್ತಿದ್ದರು. ಆಮೇಲೆ ಗಾಲಿ ತಿರುಗುವವರೆಗೆ ಪೆಡಲ್ ತಿರುಗಲೇಬೇಕು, ಕಾಲೂ ತಿರುಗಲೇಬೇಕು. ಕಾಲು ನಿಲ್ಲಿಸಿದರೆ ಸೈಕಲ್ ನಿಮ್ಮನ್ನು ಎತ್ತಿ ಹಾಕುತ್ತದೆ. ಚಿಕ್ಕವರಿದ್ದಾಗ ಬೇಡಕಿಹಾಳದ ಚೌಕದಲ್ಲಿ ಸೈಕಲ್ ಸರ್ಕಸ್ಸಿನವನೊಬ್ಬ ಹಗಲು ರಾತ್ರಿ ಕೆಳಗಿಳಿಯದೆ ಸುತ್ತು ಹಾಕಿದ್ದನ್ನು ಅವರು ನೋಡಿದ್ದರಂತೆ. ಅವನು ಸೈಕಲ್ ಹಿಂದಕ್ಕೂ ಓಡಿಸುತ್ತಿದ್ದ, ಅದಕ್ಕೆ ಕಾರಣ ಇದೇ ವೆಲ್ಡಿಂಗ್. ಅವತ್ತು ಆ ಚೌಕದಲ್ಲಿ ಕೆಟ್ಟ ತಲೆ ಮತ್ತೆ ಸರಿಯಾಗಲೇ ಇಲ್ಲ.

ಅವರು ಕುಶಲ ಕೆಲಸಗಾರರು ಎಂದು ನಾನು ಹೇಳುವುದಿಲ್ಲ, ಸತ್ತವರ ಬಗ್ಗೆ ಸುಳ್ಳು ಹೇಳಬಾರದು. ಅವರು ಮಾಡಿದ ಸೈಕಲ್ಲುಗಳಲ್ಲಿ ಕೆಲವು ಚೆನ್ನಾಗಿಯೇ ಓಡಿದವು. ಕೆಲವು ಚೈನು ಉದುರಿಸಿಕೊಂಡು ದಾರಿಯಲ್ಲಿ ಮಲಗಿದವು. ಉಳಿದವು ಅವರ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗೆ ಕಾವಲು ನಿಂತವು. ಮನುಷ್ಯರ ಮುಖ ನೋಡುವ ಮೊದಲು ಅವರು ಬಂದ ಸೈಕಲ್ಲಿನ ಹಿಂದಿನ ಗಾಲಿ ನೋಡುವುದು ಸರ್ ಅವರ ಅಭ್ಯಾಸ. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದ ಮೇಲೆಯೇ "ಬರ್ರಿ, ಕುಂಡ್ರಿ." ಅವರು ತಿದ್ದಿದ ಹಿಂದಿ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಗಿಂತ ಕಪ್ಪು ಗ್ರೀಸಿನ ಹೆಬ್ಬೆಟ್ಟೇ ಎದ್ದು ಕಾಣುತ್ತಿತ್ತು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಒಂದು ಪತ್ರಿಕೆ ಎತ್ತಿ ಹಿಡಿದು, ಸಹಿ ಬರದ ಪಾಲಕರಿಂದ ಇಲ್ಲೇ ಯಾಕೆ ಹೆಬ್ಬೆಟ್ಟು ಹಾಕಿಸಿದ್ದೀರಿ ಎಂದು ಹೆಡ್‌ಮಾಸ್ತರರನ್ನು ಕೇಳಿದರು. ಹೆಡ್‌ಮಾಸ್ತರರು ಸರ್ ಕಡೆ ನೋಡಿದರು. ಸರ್ ತಮ್ಮ ಹೆಬ್ಬೆರಳನ್ನು ಮೆಲ್ಲಗೆ ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡರು.

ಕನ್ನಡ ಮಾಸ್ತರನಾದ ನಾನು ಗೋಕಾಕ ಕಡೆಯಿಂದ ವರ್ಗವಾಗಿ ಬಂದಾಗ, ಎರಡು ಸಾವಿರದ ಐದನೆಯ ಇಸವಿಯ ಆಚೀಚೆ, ನನ್ನ ಬಳಿ ಕಾಲೇಜು ದಿನಗಳ ಒಂದು ಗೇರ್ ಸೈಕಲ್ ಇತ್ತು. ಅದನ್ನು ನೋಡಿದ ದಿನವೇ ಸರ್ ನನಗೆ ಆಪ್ತರಾದರು. ಚಹಾ ಕುಡಿಸಿದರು, ಬಾಡಿಗೆ ಮನೆ ಹುಡುಕಿಕೊಟ್ಟರು, ಅಕ್ಕಿ ಚೀಲ ಹೊತ್ತು ತಂದರು. ಇಷ್ಟು ಒಳ್ಳೆಯ ಮನುಷ್ಯ ಉಂಟೇ ಎಂದು ನಾನು ಹಿಗ್ಗಿದೆ. ತಿಂಗಳು ತುಂಬುವುದರೊಳಗೆ ನನ್ನ ಸೈಕಲ್ಲಿಗೆ ಗೇರ್ ಇರಲಿಲ್ಲ, ಫ್ರೀವೀಲೂ ಇರಲಿಲ್ಲ. ಮೊದಲ ದಿನ ಶಾಲೆಯ ಗೇಟು ಬಂದಾಗ ಅಭ್ಯಾಸಬಲದಿಂದ ಕಾಲು ನಿಲ್ಲಿಸಲು ಹೋದೆ. ಪೆಡಲ್ ನನ್ನ ಮಾತು ಕೇಳಲಿಲ್ಲ, ಗಾಬರಿಯಲ್ಲಿ ಬ್ರೇಕು ನೆನಪಾಗಲಿಲ್ಲ. ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಮುಂದೆ, ಹೆಡ್‌ಮಾಸ್ತರರ ಮುಂದೆ ನಾನು ಗಂಭೀರವಾಗಿ ತುಳಿಯುತ್ತ ಗೇಟು ದಾಟಿ, ಬಸ್ ಸ್ಟ್ಯಾಂಡ್ ದಾಟಿ ಹೋದೆ. ತಿರುಗಿ ಬಂದಾಗ ರಾಷ್ಟ್ರಗೀತೆ ಮುಗಿದಿತ್ತು.

"ಹೆಂಗಿತ್ರಿ ಕನ್ನಡ ಸರ್?" ಎಂದು ಹಿಂದಿ ಸರ್ ಆಸೆಗಣ್ಣಿನಿಂದ ಕೇಳಿದರು.

"ನಿಲ್ಲಂಗಿಲ್ಲಲ್ರಿ ಇದು!"

"ಅದಽ ಅದರ ಗುಣಾ!" ಎಂದು ಬೆನ್ನು ತಟ್ಟಿದರು.

ಆದರೆ ಅವರು ಇತರರಿಗೆ ಒಂದು, ತಮಗೆ ಒಂದು ಎಂದು ಭೇದ ಮಾಡಿದವರಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಸೈಕಲ್ಲಿನವರೆಲ್ಲ ಮಾಡುವ ಒಂದು ಕೆಲಸವಿದೆ: ಫ್ಯಾಕ್ಟರಿಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರಿನ ಟ್ರೇಲರನ್ನು ಹಿಂದಿನಿಂದ ಒಂದು ಕೈಯಲ್ಲಿ ಹಿಡಿದುಕೊಂಡು, ಕಾಲು ಆರಾಮ ಬಿಟ್ಟು, ಪುಕ್ಕಟೆ ಊರು ಮುಟ್ಟುವುದು. ಒಂದು ಸಂಜೆ ಸರ್ ಕೂಡ ಶಿರಗುಪ್ಪಿ ದಾರಿಯಲ್ಲಿ ಹಾಗೆ ಹಿಡಿದುಕೊಂಡರು. ಕಾಲು ಆರಾಮ ಬಿಡಲು ತಮ್ಮ ಸೈಕಲ್ಲಿನಲ್ಲಿ ಸಾಧ್ಯವಿಲ್ಲ ಎಂಬುದು ಹಿಡಿದ ಮೇಲೆ ನೆನಪಾಯಿತು. ಟ್ರ್ಯಾಕ್ಟರ್ ಜೋರಾದಂತೆ ಕಾಲೂ ಜೋರಾಯಿತು. ಕೈ ಬಿಡೋಣವೆಂದರೆ ಹಿಂದೆ ಇನ್ನೊಂದು ಟ್ರ್ಯಾಕ್ಟರ್. ಡ್ರೈವರ್ ಹಚ್ಚಿದ ಟೇಪಿನ ಅಬ್ಬರದಲ್ಲಿ ಇವರ ಕೂಗು ಅವನಿಗೆ ಕೇಳಲಿಲ್ಲ. ಮೊದಲು ಎಡಗಾಲಿನ ಚಪ್ಪಲಿ ಹಾರಿತು, ಆಮೇಲೆ ಬಲಗಾಲಿನದು. ಫ್ಯಾಕ್ಟರಿ ಗೇಟಿನ ಸಾಲಿನಲ್ಲಿ ಟ್ರ್ಯಾಕ್ಟರ್ ನಿಂತಾಗಲೇ ಅವರ ಕಾಲಿಗೆ ಬಿಡುಗಡೆ. ಮರುದಿನ ತರಗತಿಯಲ್ಲಿ ಕುರ್ಚಿಯ ಮೇಲೆ ಕೂತೇ ಪಾಠ ಮಾಡಿದರು, ಮೇಜಿನ ಕೆಳಗೆ ಕಾಲು ತಾನಾಗಿ ನಡುಗುತ್ತಿತ್ತು. ಇದನ್ನೆಲ್ಲ ನನಗೆ ಹೇಳಿದವರೂ ಅವರೇ, ಅದೂ ಹೆಮ್ಮೆಯಿಂದ. "ಚಪ್ಪಲ್ ಹ್ವಾದೂ, ಚೈನ್ ಉದರಲಿಲ್ಲ ನೋಡ್ರಿ!"

ಈಗ ಅಣ್ಣನ ವಿಷಯ.

ಶಿರಗುಪ್ಪಿಯ ಆಚೆಗೆ, ಕೃಷ್ಣಾ ಹೊಳೆಯ ದಂಡೆಯ ಊರಲ್ಲಿ ಅವರ ಮನೆತನದ ಕಬ್ಬು, ದ್ರಾಕ್ಷಿ ಎಲ್ಲ ನೋಡಿಕೊಳ್ಳುತ್ತಿದ್ದವರು ಅಣ್ಣ. ಸರ್ ಅವರನ್ನು ದಾದಾ ಎನ್ನುತ್ತಿದ್ದರು, ಊರವರೂ ಹಾಗೆಯೇ ಕರೆಯುತ್ತಿದ್ದರು. ತಂದೆ ಬೇಗ ತೀರಿಕೊಂಡಿದ್ದರಿಂದ ಸರ್‌ಗೆ ಓದು, ನೌಕರಿ, ಮದುವೆ ಎಲ್ಲವನ್ನೂ ಮಾಡಿಸಿದವರು ದಾದಾನೇ. ಹರೆಯದಲ್ಲಿ ಅವರು ಸೈಕಲ್ ಶರ್ಯತ್ತಿನ ಹುಲಿ. ನಿಪ್ಪಾಣಿಯಿಂದ ಅಥಣಿಯವರೆಗೆ ಎಲ್ಲಿ ಶರ್ಯತ್ತು ಇಟ್ಟರೂ ತಮ್ಮ ಹತ್ತು ಗೇರಿನ ಸೈಕಲ್ ಹತ್ತಿ ಗೆದ್ದು ಬರುತ್ತಿದ್ದವರು. ವಯಸ್ಸಾದ ಮೇಲೆಯೂ ಊರ ಉರುಸಿನ ಶರ್ಯತ್ತಿನಲ್ಲಿ ಅವರಿಗೊಂದು ಮಾನವಿತ್ತು: ತಲೆಗೆ ಕೇಸರಿ ಫೇಟಾ ಸುತ್ತಿ, ಅದೇ ಸೈಕಲ್ ಹತ್ತಿ, ಸ್ಪರ್ಧಾಳುಗಳ ಮುಂದೆ ಹೊಳೆಯ ತನಕ ಹೋಗಿ ದಾರಿ ತೋರಿಸುವುದು.

ಒಂದು ವರ್ಷ ಶರ್ಯತ್ತಿನ ಪಂಚರು ಗೇರ್ ಸೈಕಲ್ ನಡೆಯುವುದಿಲ್ಲ ಎಂದು ಸಾರಿದರು. ಸಾಂಗ್ಲಿ ಕಡೆಯ ಹೊಸ ಗೇರ್ ಸೈಕಲ್ಲಿನ ಹುಡುಗರು ಬಂದು ಎಲ್ಲ ಬಹುಮಾನ ಬಳಿದುಕೊಂಡು ಹೋಗುತ್ತಿದ್ದುದೇ ಕಾರಣ. ಆಗ ದಾದಾ ಪಂಢರಪುರದ ವಾರಿಗೆ, ವಿಠ್ಠಲನ ಯಾತ್ರೆಗೆ, ನಡೆದು ಹೋಗಿದ್ದರು. ಗೇರ್ ಇದೆ ಎಂದು ಅಣ್ಣನ ಸೈಕಲ್ಲನ್ನೂ ತಡೆದರೆ ಮಾನ ಹೋಗುತ್ತದಲ್ಲ ಎಂದು ಸರ್‌ಗೆ ದಿಗಿಲಾಯಿತು. ದಿಗಿಲಿನ ಜೊತೆಗೆ, ಇಷ್ಟು ವರ್ಷ ಮುಟ್ಟಲು ಬಿಡದ ಸೈಕಲ್ ಕೈಗೆ ಸಿಕ್ಕಿತೆಂಬ ಸಂತೋಷವೂ ಇತ್ತು ಎಂದು ನನ್ನ ಗುಮಾನಿ. ದಾದಾ ತಿರುಗಿ ಬರುವಷ್ಟರಲ್ಲಿ ಗೇರ್ ಹೋಗಿತ್ತು. ಫ್ರೀವೀಲಿಗೆ ವೆಲ್ಡಿಂಗ್ ಆಗಿತ್ತು.

ಗೇರ್ ಇಲ್ಲದ್ದನ್ನು ನೋಡಿ ದಾದಾ ಹಲ್ಲು ಕಚ್ಚಿದರು, ಪಂಚರ ನಿಯಮ ಎಂದು ಸುಮ್ಮನಾದರು. ವೆಲ್ಡಿಂಗ್ ಮಾತ್ರ ಕಣ್ಣಿಗೆ ಕಾಣುವಂಥದ್ದಲ್ಲ. "ಹೇಳಲಿಲ್ಲೇನ್ರಿ ನೀವು?" ಎಂದು ನಾನು ಆಮೇಲೆ ಕೇಳಿದೆ. "ಹೇಳೂದೇನೈತ್ರಿ ಅದರಾಗ? ಕಾಲಿಗೆ ತಾನಽ ತಿಳೀತೈತಿ," ಎಂದರು.

ತಿಳಿಯಿತು. ಹೊಳೆಯ ಕಡೆಗಿನ ಇಳಿಜಾರು ಬಂದಾಗ ದಾದಾ ಜನರತ್ತ ಒಂದು ಕೈ ಎತ್ತಿ, ಮೀಸೆಯಲ್ಲಿ ನಗುತ್ತ, ರೂಢಿಯಂತೆ ಕಾಲು ನಿಲ್ಲಿಸಿದರು. ಪೆಡಲ್ ಅವರನ್ನು ಒದ್ದೇ ಬಿಟ್ಟಿತು. ಹಲಗೆ ಬಾರಿಸುವವರು, ಪಂಚರು, ಹಿಂದೆ ಬರುತ್ತಿದ್ದ ಮೂವತ್ತು ನಲವತ್ತು ಸೈಕಲ್ಲು, ಎಲ್ಲರ ಎದುರಿಗೆ ಕೇಸರಿ ಫೇಟಾ ಒಂದು ಕಡೆ, ದಾದಾ ಇನ್ನೊಂದು ಕಡೆ, ಕಬ್ಬಿನ ಹೊಲದೊಳಗೆ. ಕೆಸರಿನಿಂದ ಎದ್ದು ನಿಂತು ಅವರು ತಮ್ಮನನ್ನು ನೋಡಲಿಲ್ಲ. ಪಂಚರ ಕಡೆ ತಿರುಗಿ ಒಂದೇ ಮಾತು ಹೇಳಿದರು: "ಇನ್ನ ನನ್ನ ಇವನ ಮಾತು ಮುಗೀತು ಅಂತ ಇವಗ ಹೇಳ್ರಿ."

ನಮ್ಮ ಕಡೆ ಮಾತು ಬಿಡುವುದು ಎಂದರೆ ಮನೆಗೆ ಬರಬೇಡ ಎಂದಲ್ಲ. ಬರಬಹುದು, ಉಣ್ಣಬಹುದು, ಒಂದೇ ಹೊರಸಿನ ಮೇಲೆ ಕೂಡಬಹುದು. ಮಾತು ಮಾತ್ರ ಇಲ್ಲ. ಹಾಗಾಗಿ ಸರ್ ಭಾನುವಾರ ಅಣ್ಣನ ಮನೆಗೆ ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅಣ್ಣ ತಮ್ಮ ಹೊರಸಿನ ಎರಡು ತುದಿಗೆ, ನಾನು ನಡುವೆ.

"ಕನ್ನಡ ಸರ್, ಚಾ ಕುಡೀತಾರೇನು ಕೇಳ್ರಿ ಅವರನ್ನ," ಎನ್ನುತ್ತಿದ್ದರು ದಾದಾ.

"ಕುಡೀತೀನಿ ಅಂತ ಹೇಳ್ರಿ. ಸಕ್ರಿ ಕಡಿಮಿ," ಎನ್ನುತ್ತಿದ್ದರು ಸರ್.

"ಸಕ್ರಿ ಕಡಿಮಿ ಯಾಕಂತ ಕೇಳ್ರಿ. ಮೈಯಾಗ ಆರಾಮಿಲ್ಲೇನಂತ?"

ಒಳಗಿನಿಂದ ದಾದಾನ ಹೆಂಡತಿ, ಸರ್ ಅವರ ವೈನಿ, ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡಿದ್ದು ನನಗೆ ಕಾಣುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಸೈಕಲ್ಲನ್ನು ದಾದಾ ದನದ ಕೊಟ್ಟಿಗೆಗೆ ಹಾಕಿಸಿದ್ದರು, ಅದರ ಕಡೆ ಹಾಯುತ್ತಲೂ ಇರಲಿಲ್ಲ. ತಿರುಗಿ ಬರುವ ದಾರಿಯಲ್ಲಿ ಸರ್, "ಇವತ್ತ ಸ್ವಲ್ಪ ಮೆತ್ತಗಾಗಿದ್ದಾ ಅಲ್ರಿ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಹೌದೆಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.

ದ್ರಾಕ್ಷಿ ಬಳ್ಳಿ ಸವರುವ ಕಾಲದಲ್ಲಿ, ತೋಟದಲ್ಲಿ ನಿಂತಿದ್ದ ಹಾಗೆಯೇ ದಾದಾಗೆ ಲಕ್ವಾ ಹೊಡೆಯಿತು. ಮಿರಜದ ಆಸ್ಪತ್ರೆಯಲ್ಲಿ ಕೆಲ ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಜೀವ ಉಳಿದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು.

ಅವತ್ತು ಸ್ಟಾಫ್ ರೂಮಿನಲ್ಲಿ ಸರ್ ಕೂತ ರೀತಿಯನ್ನು ನಾನು ಮರೆತಿಲ್ಲ. ಕೈ ತೊಳೆದುಕೊಂಡು ಬಂದಿದ್ದರು, ಉಗುರಿನಲ್ಲಿ ಒಂದು ಚೂರು ಗ್ರೀಸಿರಲಿಲ್ಲ. "ಕನ್ನಡ ಸರ್," ಎಂದರು, "ಮಾತು ಬಿಟ್ಟಾಂವ ಮಾತ ಕಳಕೊಂಡ್ರ ನನಗ ಹೆಂಗ ಗೊತ್ತಾಗಬೇಕ್ರಿ? ಸಿಟ್ಟ ಇಳದೈತೋ ಇಲ್ಲೋ ಅಂತ ಯಾರನ್ನ ಕೇಳ್ಲಿ? ನಾ ಹೋದ್ರ ಗ್ವಾಡಿ ಕಡೆ ಮಾರಿ ತಿರುವತಾನ. ಸಿಟ್ಟಿಗೆ ತಿರುವತಾನೋ, ಕುತಗಿ ಎಳೀತೈತೋ?" ನಗುವಂಥ ಪ್ರಶ್ನೆಯಾಗಿದ್ದರೂ ನನಗೆ ನಗು ಬರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಣ್ಣನ ಒಂದು ಮಾತು, ಬೈಗುಳವಾದರೂ ಸರಿ. ಅದು ಇನ್ನು ಸಿಗದೇ ಹೋದರೆ ಎಂಬ ಹೆದರಿಕೆ ಅವರ ಕಣ್ಣಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು.

ಡಾಕ್ಟರು ಕಾಲನ್ನು ದಿನಾಲು ಆಡಿಸುತ್ತಿರಬೇಕು, ಇಲ್ಲದಿದ್ದರೆ ಮರಗಟ್ಟಿ ಹೋಗುತ್ತದೆ ಎಂದಿದ್ದರು. ವೈನಿ ಕೈಯಿಂದಲೇ ಎತ್ತಿ ಮಡಚಿ ದಣಿಯುತ್ತಿದ್ದರು. ಒಂದು ಮುಂಜಾನೆ ಸರ್ ನನ್ನನ್ನೂ ಎಬ್ಬಿಸಿಕೊಂಡು ಆ ಮನೆಗೆ ಹೋದರು, ನೇರ ಕೊಟ್ಟಿಗೆಗೆ ಹೊಕ್ಕು ಆ ಸೈಕಲ್ಲನ್ನು ಎಳೆದು ತಂದರು. ಅಂಗಳದಲ್ಲಿ ಕೂತು ಅದರ ಮುಂದಿನ ಗಾಲಿ ತೆಗೆದರು, ಹ್ಯಾಂಡಲ್ ತೆಗೆದರು.

"ಮಾಸ್ತರ, ಇನ್ನೂ ಬಿಚ್ಚೂದು ಉಳದೈತೇನ್ರಿ ಅದರಾಗ?" ಎಂದರು ವೈನಿ ಹಣೆ ಬಡಿದುಕೊಂಡು.

ಉಳಿದದ್ದನ್ನು ಹಲಗೆಯ ಮೇಲೆ ಅಲುಗಾಡದ ಹಾಗೆ ಬಿಗಿದು, ಹಿಂದಿನ ಗಾಲಿ ನೆಲ ಬಿಟ್ಟು ಮೇಲಿರುವಂತೆ ಇಟ್ಟಿಗೆ ಕೊಟ್ಟರು. ಮುಂದಿನ ಗಾಲಿ ಇದ್ದ ಜಾಗಕ್ಕೆ ಕೈಯಿರುವ ಕುರ್ಚಿ ಹಾಕಿ, ದಾದಾನನ್ನು ಸೈಕಲ್ಲಿಗೆ ಮುಖ ಮಾಡಿ ಕೂಡಿಸಿದರು. ಎರಡೂ ಪಾದಗಳನ್ನು ಹಳೇ ಧೋತರದ ಅಂಚಿನಿಂದ ಪೆಡಲಿಗೆ ಕಟ್ಟಿದರು. ತಾವು ಆ ತುದಿಯಲ್ಲಿ ನೆಲಕ್ಕೆ ಕೂತು ಹಿಂದಿನ ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುವಿದರು. ಸಾದಾ ಸೈಕಲ್ಲಾಗಿದ್ದರೆ ಗಾಲಿಯಷ್ಟೇ ತಿರುಗುತ್ತಿತ್ತು. ಇದಕ್ಕೆ ವೆಲ್ಡಿಂಗ್ ಆಗಿತ್ತು. ಗಾಲಿಯ ಜೊತೆ ಚೈನು, ಚೈನಿನ ಜೊತೆ ಪೆಡಲು, ಪೆಡಲಿನ ಜೊತೆ ದಾದಾನ ಸತ್ತ ಕಾಲು ಮೇಲೆದ್ದಿತು, ಕೆಳಗಿಳಿಯಿತು, ಮತ್ತೆ ಮೇಲೆದ್ದಿತು. ಆ ಹಾಳು ವೆಲ್ಡಿಂಗಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ದಾದಾ ಮಾತ್ರ ಕಣ್ಣು ಮುಚ್ಚಿಕೊಂಡರು.

ಅವತ್ತಿನಿಂದ ಸರ್ ಶಾಲೆಗೆ ಮೊದಲು ಒಮ್ಮೆ, ಶಾಲೆ ಬಿಟ್ಟ ಮೇಲೆ ಒಮ್ಮೆ ಅಲ್ಲಿಗೆ ಹೋಗಿ ಗಾಲಿ ತಿರುವತೊಡಗಿದರು. ತಿರುವುತ್ತ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಫ್ಯಾಕ್ಟರಿ ಸುದ್ದಿ, ಹೊಳೆಗೆ ಬಂದ ನೀರು, ಹೆಡ್‌ಮಾಸ್ತರರ ಹೊಟ್ಟೆನೋವು, ಎಲ್ಲ. ತಿಂಗಳುಗಳಾದ ಮೇಲೆ ಬಲಗಾಲಿನ ಬೆರಳು ಆಡಿದವು. ಇನ್ನಷ್ಟು ದಿನಕ್ಕೆ ವೈನಿ, "ನಿನ್ನಿ ಚಾ ಅಂದ್ರು," ಎಂದು ಬಾಗಿಲಲ್ಲೇ ಸುದ್ದಿ ಕೊಟ್ಟರು. ಇನ್ನೊಂದು ದಿನ "ನೀರ ಅಂದ್ರು."

"ನನ್ನ ಬಗ್ಗೆ ಏನಾರ ಅಂದ್ನೇನ್ರಿ ವೈನಿ?"

"ಇಲ್ರಿ."

ಸರ್ ಒಳಗೆ ಬಂದರೆ ದಾದಾನ ಬಾಯಿ ಮೊದಲಿನಂತೆ ಬಂದ್.

ನಾನು ಹೋಗಿದ್ದ ಒಂದು ಭಾನುವಾರ ಸರ್ ಹುರುಪಿಗೆ ಬಿದ್ದು ಗಾಲಿಯನ್ನು ಜೋರು ಮಾಡಿದರು. ದಾದಾ ಕುರ್ಚಿಯ ಕೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ತುಟಿ ಸೊಟ್ಟಗಾಯಿತು, ಗಂಟಲಲ್ಲಿ ಏನೋ ಹೊರಳಾಡಿತು. ಹೆಂಡತಿಯ ಕಡೆ ತಿರುಗಿ, ಒಂದೊಂದೇ ತುಂಡಾಗಿ, ಆದರೆ ಎಲ್ಲರಿಗೂ ತಿಳಿಯುವಂತೆ ಹೇಳಿದರು: "ಅವಗ... ಹೇಳ. ಸಾವ...ಕಾಶ."

ವೈನಿ ಕೈಯಲ್ಲಿದ್ದ ತಾಟು ನೆಲಕ್ಕೆ ಬಿತ್ತು. ನಾನು ಎದ್ದು ನಿಂತೆ. ಮಾತು ಬಂದಿತ್ತು, ಸಿಟ್ಟೂ ಹಾಗೇ ಇತ್ತು. ಸರ್ ಕುಣಿಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಗಾಲಿಯಿಂದ ಕೈ ತೆಗೆದು ಎದೆಗೆ ಕಟ್ಟಿಕೊಂಡರು.

"ವೈನಿ, ನನಗಽ ಹೇಳಬೇಕಂತ ಹೇಳ್ರಿ. ಇಲ್ಲಂದ್ರ ನಾ ತಿರುವಂಗಿಲ್ಲ."

"ಬ್ಯಾನಿ ಮನಶಾನ ಮುಂದ ಇದೆಂಥಾ ಹಟಾ ರೀ ಮಾಸ್ತರ!" ಎಂದು ವೈನಿ ಗದರಿದರು. "ಸರ್, ಬಿಡ್ರಿ," ಎಂದು ನಾನೂ ಸಿಟ್ಟಿನಿಂದಲೇ ಅಂದೆ. ಅವರು ನಮ್ಮಿಬ್ಬರ ಕಡೆ ನೋಡಲೂ ಇಲ್ಲ. ಅಣ್ಣನನ್ನೇ ನೋಡುತ್ತ ಕೂತರು. ಕಾಲು ಪೆಡಲಿಗೆ ಕಟ್ಟಿದ್ದರಿಂದ ದಾದಾಗೆ ಗೋಡೆಯ ಕಡೆ ತಿರುಗುವ ಅನುಕೂಲವಿರಲಿಲ್ಲ. ಬಲಗಾಲು ಅರ್ಧ ಮೇಲೆದ್ದು ನಿಂತಿತ್ತು. ಅವರು ಸೂರು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ತಮ್ಮನ ಮುಖ ನೋಡಿದರು.

"ತಿರು...ವಲೇ," ಎಂದರು.

ಸರ್ ತಿರುವಿದರು. ಗ್ರೀಸಿನ ಕೈಯಿಂದಲೇ ಕಣ್ಣು ಒರೆಸಿಕೊಂಡಿದ್ದರಿಂದ ಮುಖವೆಲ್ಲ ಕಪ್ಪಾಗಿತ್ತು, ಅದರ ಪರಿವೆ ಅವರಿಗಿರಲಿಲ್ಲ. ವೈನಿ ಚಹಾ ತಂದಿಟ್ಟರು, ಅದು ಆರಿತು, ಮತ್ತೆ ಕಾಯಿಸಿ ತಂದರು. ಸರ್ ತಿರುವುತ್ತಲೇ ಇದ್ದರು. ನಿಲ್ಲಿಸು ಎಂದು ಹೇಳಲು ಕೊನೆಗೆ ದಾದಾ ಇನ್ನೊಮ್ಮೆ ತಮ್ಮನ ಜೊತೆ ಮಾತಾಡಬೇಕಾಯಿತು.